ಗುಸ್ತಾರ್: ‘ಇಷ್ಟ’ ಹೇಳುವ ಸ್ಪ್ಯಾನಿಷ್ ಕ್ರಿಯಾಪದವನ್ನು ಕನ್ನಡದ ದಾರಿಯಲ್ಲೇ ಕಲಿಯುವುದು ಹೇಗೆ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಶುರುವಿನಲ್ಲೇ ಎದುರಾಗುವ ಕ್ರಿಯಾಪದ ‘ಗುಸ್ತಾರ್’. ನನಗೆ ಕಾಫಿ ಇಷ್ಟ, ಅವಳಿಗೆ ಹಾಡುವುದು ಇಷ್ಟ, ಊಟ ನಿಮಗೆ ಹಿಡಿಸಿತಾ? ಇಂಥ ಮಾತಿಗೆಲ್ಲ ಬೇಕಾಗುವುದು ಇದೇ. ನಮ್ಮಲ್ಲಿ ಸ್ಪ್ಯಾನಿಷ್ ಪಾಠ ನಡೆಯುವುದು ಸಾಮಾನ್ಯವಾಗಿ ಇಂಗ್ಲಿಷಿನ ಮೂಲಕ. ತೊಡಕು ಶುರುವಾಗುವುದೂ ಅಲ್ಲೇ. ‘ಐ ಲೈಕ್ ಕಾಫಿ’ ಅಂದಾಗ ಇಷ್ಟಪಡುವವನು ಕರ್ತೃ, ಕಾಫಿ ಕರ್ಮ. ಸ್ಪ್ಯಾನಿಷಿನಲ್ಲಿ ಹಾಗಲ್ಲ. ಅದಕ್ಕೇ ಇಂಗ್ಲಿಷ್ ಪುಸ್ತಕಗಳು ಗುಸ್ತಾರ್ ಅನ್ನು ತಲೆಕೆಳಗಾದ ಕ್ರಿಯಾಪದ ಅಂತ ವಿವರಿಸುತ್ತವೆ. ಓದಿದವರು ಹೆದರುತ್ತಾರೆ.

ಕನ್ನಡ ಮಾತಾಡುವವರು ಹೆದರಬೇಕಾಗಿಲ್ಲ. ನಾವು ಹುಟ್ಟಿದಾಗಿನಿಂದ ಇಷ್ಟಾನಿಷ್ಟವನ್ನು ಗುಸ್ತಾರ್ ರೀತಿಯಲ್ಲೇ ಹೇಳುತ್ತಿದ್ದೇವೆ. ನನ್ನ ಸಲಹೆ ಇಷ್ಟೇ: ಈ ಕ್ರಿಯಾಪದದ ವಿಷಯದಲ್ಲಿ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದಿಂದ ನೇರವಾಗಿ ಸ್ಪ್ಯಾನಿಷಿಗೆ ಹೋಗಿ. ಕನ್ನಡ ಎಲ್ಲಿಯವರೆಗೆ ಜೊತೆಗೆ ಬರುತ್ತದೆ, ಎಲ್ಲಿ ದಾರಿ ಬೇರೆಯಾಗುತ್ತದೆ ಎರಡನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಉಚ್ಚಾರಣೆಯ ಬಗ್ಗೆ ಒಂದು ಮಾತು. ಸ್ಪ್ಯಾನಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಸ್ಪ್ಯಾನಿಷಿನ ‘ತ’ ನಮ್ಮ ‘ತ’ದ ಹಾಗೆಯೇ ಹಲ್ಲಿಗೆ ತಾಗುತ್ತದೆ. ‘ಗುಸ್ಟಾ’ ಅಲ್ಲ, ‘ಗುಸ್ತಾ’. ಸ್ಪ್ಯಾನಿಷಿನಲ್ಲಿ ಹ್ರಸ್ವ ದೀರ್ಘ ಅನ್ನುವ ಭೇದ ಇಲ್ಲ. ಆದ್ದರಿಂದ ಇಲ್ಲಿ ದೀರ್ಘ ಕಂಡ ಕಡೆಯೆಲ್ಲ ಸ್ವರ ಎಳೆಯಬೇಡಿ. ಒತ್ತು ಮಾತ್ರ ಮುಖ್ಯ. ‘ಗುಸ್ತಾ’ ಅನ್ನುವಾಗ ಒತ್ತು ‘ಗುಸ್’ ಮೇಲೆ ಬೀಳಬೇಕು.

ಹಂತ 1: ವಾಕ್ಯದ ಕಟ್ಟು ಹಿಡಿದುಕೊಳ್ಳಿ

‘ಮೆ ಗುಸ್ತಾ ಎಲ್ ಕಫೆ.’

ಬಿಡಿಸಿ ನೋಡಿ. ‘ಮೆ’ ಅಂದರೆ ನನಗೆ. ‘ಗುಸ್ತಾ’ ಅಂದರೆ ಇಷ್ಟವಾಗುತ್ತದೆ. ‘ಎಲ್ ಕಫೆ’ ಅಂದರೆ ಕಾಫಿ. ನನಗೆ ಇಷ್ಟವಾಗುತ್ತದೆ ಕಾಫಿ. ಪದಗಳು ಕೂತ ಜಾಗ ಸ್ವಲ್ಪ ಬೇರೆ, ಅಷ್ಟೇ. ಕರ್ತೃ ಕಾಫಿ. ಯಾರಿಗೆ ಇಷ್ಟವೋ ಅವರಿಗೆ ‘ಗೆ’ ಪ್ರತ್ಯಯ. ಶಾಲೆಯಲ್ಲಿ ಚತುರ್ಥಿ ವಿಭಕ್ತಿ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದೇ.

ಕನ್ನಡದಲ್ಲಿ ಎರಡು ರೀತಿ ಹೇಳಬಹುದು. “ನಾನು ಕಾಫಿಯನ್ನು ಇಷ್ಟಪಡುತ್ತೇನೆ” ಒಂದು, “ನನಗೆ ಕಾಫಿ ಇಷ್ಟವಾಗುತ್ತದೆ” ಇನ್ನೊಂದು. ಗುಸ್ತಾರ್ ಬಳಸುವಾಗ ‘ಇಷ್ಟಪಡು’ ಅನ್ನುವುದನ್ನು ಪೂರ್ತಿ ಮರೆತುಬಿಡಿ. ‘ಇಷ್ಟವಾಗು’ ಅನ್ನುವುದೊಂದನ್ನೇ ತಲೆಯಲ್ಲಿ ಇಟ್ಟುಕೊಳ್ಳಿ. ಮುಂದಿನ ಹಂತಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಪದಗಳ ಸಾಮಾನ್ಯ ಕ್ರಮ ಹೀಗೆ: ಯಾರಿಗೆ, ಇಷ್ಟವಾಗುತ್ತದೆ, ಏನು. ‘ಎಲ್ ಕಫೆ ಮೆ ಗುಸ್ತಾ’ ಅಂದರೂ ತಪ್ಪಲ್ಲ. ಕಾಫಿಯ ಮಾತು ಆಗಲೇ ನಡೆಯುತ್ತಿದ್ದರೆ “ಕಾಫಿ ನನಗೆ ಇಷ್ಟಾನೇ” ಅಂತೀವಲ್ಲ, ಹಾಗೆ. ಆದರೆ ‘ಮೆ’ ಮತ್ತು ‘ಗುಸ್ತಾ’ ನಡುವೆ ಬೇರೆ ಪದ ತೂರಿಸುವಂತಿಲ್ಲ. ಅವೆರಡೂ ಅಂಟಿಕೊಂಡೇ ಇರುತ್ತವೆ.

ಹಂತ 2: ‘ಯಾರಿಗೆ’ ಅನ್ನುವ ಆರು ಪದಗಳು

ನನಗೆ: ಮೆ
ನಿನಗೆ: ತೆ
ಅವನಿಗೆ, ಅವಳಿಗೆ, ಅದಕ್ಕೆ, (ಒಬ್ಬರಿಗೆ ಗೌರವದಿಂದ) ನಿಮಗೆ: ಲೆ
ನಮಗೆ: ನೋಸ್
(ಸ್ಪೇನ್‌ನಲ್ಲಿ ಸಲುಗೆಯ ಹಲವರಿಗೆ) ನಿಮಗೆ: ಓಸ್
ಅವರಿಗೆ, (ಹಲವರಿಗೆ) ನಿಮಗೆ: ಲೆಸ್

ಇದನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಲ್ಯಾಟಿನ್ ಅಮೆರಿಕದವರ ಜೊತೆ ಮಾತಾಡಲು ಕಲಿಯುತ್ತಿದ್ದರೆ ‘ಓಸ್’ ಸದ್ಯಕ್ಕೆ ಬಿಡಿ. ಅಲ್ಲಿ ಹಲವರು ಎದುರಿಗಿದ್ದರೆ ಸಲುಗೆಯವರಾಗಲಿ, ಹೊಸಬರಾಗಲಿ ‘ಲೆಸ್’ ಒಂದೇ.

ಇಲ್ಲಿ ಕನ್ನಡಿಗರು ಎಡವುವ ಒಂದು ಜಾಗ ಇದೆ. ಇಂಗ್ಲಿಷ್ ಪುಸ್ತಕಗಳಲ್ಲಿ ಈ ಎಚ್ಚರಿಕೆ ಇರುವುದಿಲ್ಲ, ಯಾಕೆಂದರೆ ಇದು ನಮ್ಮ ಭಾಷೆಯಿಂದಲೇ ಬರುವ ತಪ್ಪು. ನಾವು ಅಪ್ಪನಿಗೆ, ಅತ್ತೆಗೆ, ಮೇಷ್ಟ್ರಿಗೆ ಗೌರವದಿಂದ “ಅವರಿಗೆ” ಅಂತೀವಿ. ಒಬ್ಬರೇ ಆದರೂ ಬಹುವಚನ. ಸ್ಪ್ಯಾನಿಷಿನಲ್ಲಿ ಒಬ್ಬರು ಅಂದರೆ ಒಬ್ಬರೇ. “ನಮ್ಮ ಮೇಷ್ಟ್ರಿಗೆ ಟೀ ಇಷ್ಟ, ಅವರಿಗೆ ಕಾಫಿ ಆಗಲ್ಲ” ಅನ್ನುವಾಗ ‘ಲೆಸ್’ ಬಂದರೆ ಕೇಳುವವರು “ಎಷ್ಟು ಜನ ಮೇಷ್ಟ್ರು?” ಅಂದುಕೊಳ್ಳುತ್ತಾರೆ. ಅಲ್ಲಿ ‘ಲೆ’ ಸರಿ. ಎದುರಿಗಿರುವ ಹಿರಿಯರೊಬ್ಬರನ್ನು ‘ಉಸ್ತೆದ್’ ಅಂತ ಗೌರವದಿಂದ ಮಾತಾಡಿಸುವಾಗಲೂ “ನಿಮಗೆ” ಅನ್ನುವುದಕ್ಕೆ ‘ಲೆ’. ಗೌರವಕ್ಕೆ ಬಹುವಚನ ಬೇಡ.

ಹಂತ 3: ‘ಗುಸ್ತಾ’ನೋ ‘ಗುಸ್ತಾನ್’ಓ?

ಇಷ್ಟವಾಗುವುದು ಒಂದಾದರೆ ‘ಗುಸ್ತಾ’, ಹಲವಾದರೆ ‘ಗುಸ್ತಾನ್’. ಎಷ್ಟು ಜನರಿಗೆ ಇಷ್ಟ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇಂಗ್ಲಿಷಿನ ಮೂಲಕ ಕಲಿತವರು ತಪ್ಪುವುದು ಇಲ್ಲೇ. ‘ನಮಗೆ’ ಅಂದ ಕೂಡಲೇ ಅವರ ಕೈ ಬಹುವಚನದ ಕಡೆ ಹೋಗುತ್ತದೆ.

ಕನ್ನಡದಲ್ಲಿ ಹೇಳಿ ನೋಡಿ. “ನಮಗೆ ಆ ಮನೆ ಇಷ್ಟವಾಗುತ್ತದೆ.” “ನನಗೆ ಆ ಹೂಗಳು ಇಷ್ಟವಾಗುತ್ತವೆ.” ಬದಲಾಗಿದ್ದು ಮನೆ ಮತ್ತು ಹೂಗಳಿಂದ. ನಮಗೆ ಮತ್ತು ನನಗೆ ಅನ್ನುವುದರಿಂದ ಅಲ್ಲ. ಸ್ಪ್ಯಾನಿಷಿನಲ್ಲೂ ಅಷ್ಟೇ.

ನೋಸ್ ಗುಸ್ತಾ ಲಾ ಕಾಸಾ. (ನಮಗೆ ಮನೆ ಇಷ್ಟವಾಗುತ್ತದೆ.)
ಮೆ ಗುಸ್ತಾನ್ ಲಾಸ್ ಫ್ಲೋರೆಸ್. (ನನಗೆ ಹೂಗಳು ಇಷ್ಟವಾಗುತ್ತವೆ.)

ಆದರೆ ದಿನದ ಮಾತಿನಲ್ಲಿ ನಾವು ‘ಇಷ್ಟ’ ಅಂತಷ್ಟೇ ಹೇಳಿ ನಿಲ್ಲಿಸುತ್ತೇವೆ. ವಸ್ತುವನ್ನೂ ಏಕವಚನದಲ್ಲೇ ಬಿಡುತ್ತೇವೆ. “ನನಗೆ ಪುಸ್ತಕ ಇಷ್ಟ” ಅಂದರೆ ಪುಸ್ತಕಗಳು ಇಷ್ಟ ಅಂತಲೇ ಅರ್ಥ. ಸ್ಪ್ಯಾನಿಷಿನಲ್ಲಿ ಎಣಿಸಬಹುದಾದ ವಸ್ತುಗಳ ಬಗ್ಗೆ ಹೀಗೆ ಒಟ್ಟಾಗಿ ಹೇಳುವಾಗ ಸಾಮಾನ್ಯವಾಗಿ ಬಹುವಚನ ಬರುತ್ತದೆ: ‘ಮೆ ಗುಸ್ತಾನ್ ಲೋಸ್ ಲೀಬ್ರೊಸ್’. ಅನ್ನ, ಹಾಲು, ಸಂಗೀತದಂಥ ಎಣಿಸಲಾಗದವು ಏಕವಚನದಲ್ಲೇ ಉಳಿಯುತ್ತವೆ: ‘ಮೆ ಗುಸ್ತಾ ಎಲ್ ಅರ್ರೋಸ್’, ‘ಮೆ ಗುಸ್ತಾ ಲಾ ಮೂಸಿಕಾ’. ಅನುಮಾನ ಬಂದರೆ ಮನಸ್ಸಿನಲ್ಲಿ ಪೂರ್ತಿ ವಾಕ್ಯ ಕಟ್ಟಿ. “ಇಷ್ಟವಾಗುತ್ತದೆ” ಬಂತಾ, “ಇಷ್ಟವಾಗುತ್ತವೆ” ಬಂತಾ ನೋಡಿ.

ಎರಡು ವಸ್ತು ಜೊತೆಗೆ ಬಂದರೆ ಬಹುವಚನ: ‘ಮೆ ಗುಸ್ತಾನ್ ಎಲ್ ತೆ ಈ ಎಲ್ ಕಫೆ’ (ನನಗೆ ಟೀ, ಕಾಫಿ ಎರಡೂ ಇಷ್ಟ). ಕೆಲಸಗಳ ವಿಷಯ ಬೇರೆ. ಓದುವುದು, ಹಾಡುವುದು, ಕುಣಿಯುವುದು ಎಷ್ಟೇ ಬಂದರೂ ಏಕವಚನ. ‘ಮೆ ಗುಸ್ತಾ ಕಂತಾರ್ ಈ ಬೈಲಾರ್’ ಅಂದರೆ ನನಗೆ ಹಾಡುವುದು, ಕುಣಿಯುವುದು ಇಷ್ಟ. ಇಲ್ಲಿ ‘ಗುಸ್ತಾನ್’ ಬರುವಂತಿಲ್ಲ. ಕ್ರಿಯಾಪದದ ಮೂಲರೂಪವನ್ನು, ಅಂದರೆ ಆರ್, ಎರ್, ಇರ್ ಅಂತ ಕೊನೆಯಾಗುವುದನ್ನು, ಹಾಗೇ ಇಟ್ಟರೆ ಸಾಕು. ನಮ್ಮ ‘ಉವುದು’ ಕೆಲಸವನ್ನೆಲ್ಲ ಅದೇ ಮಾಡುತ್ತದೆ.

ಹಂತ 4: ‘ಎಲ್’, ‘ಲಾ’ ಬಿಡಬೇಡಿ

ಕನ್ನಡದಲ್ಲಿ ನಾಮಪದದ ಮುಂದೆ ಇಂಥ ಪುಟ್ಟ ಪದಗಳಿಲ್ಲ. ಹಾಗಾಗಿ ‘ಮೆ ಗುಸ್ತಾ ಕಫೆ’ ಅಂದುಬಿಡುತ್ತೇವೆ. ಅದು ತಪ್ಪು. ಇಷ್ಟವಾಗುವ ವಸ್ತು ಕರ್ತೃವಾದ್ದರಿಂದ ಅದರ ಮುಂದೆ ಎಲ್, ಲಾ, ಲೋಸ್, ಲಾಸ್ (ಇಂಗ್ಲಿಷಿನ ‘ದ’ ಥರದ ಪದಗಳು, ನಾಮಪದದ ಲಿಂಗ, ವಚನ ನೋಡಿ ಬದಲಾಗುತ್ತವೆ) ಇವುಗಳಲ್ಲಿ ಒಂದು ಬೇಕು. ಹೊಸ ನಾಮಪದ ಕಲಿಯುವಾಗಲೇ ಅದರ ಜೊತೆ ಸೇರಿಸಿ ಕಲಿತರೆ ಒಳ್ಳೆಯದು. ‘ಕಫೆ’ ಅಂತ ಕಲಿಯಬೇಡಿ, ‘ಎಲ್ ಕಫೆ’ ಅಂತಲೇ ಕಲಿಯಿರಿ. ಊರು, ಮನುಷ್ಯರ ಹೆಸರುಗಳಿಗೆ ಸಾಮಾನ್ಯವಾಗಿ ಇದು ಬೇಡ: ‘ಮೆ ಗುಸ್ತಾ ಮೈಸೂರು’, ‘ಮೆ ಗುಸ್ತಾ ಸೆವಿಯಾ’. ‘ನನ್ನ’, ‘ಈ’ ಅನ್ನುವ ಪದ ಮುಂದೆ ಬಂದಾಗಲೂ ಬೇಡ: ‘ಮೆ ಗುಸ್ತಾ ಎಸ್ತೆ ಲೀಬ್ರೊ’ (ನನಗೆ ಈ ಪುಸ್ತಕ ಇಷ್ಟ).

ಹಂತ 5: ಹೆಸರು ಹೇಳುವಾಗ ‘ಗೆ’ ಎರಡು ಸಲ

ಇಲ್ಲಿ ಕನ್ನಡದಿಂದ ಸ್ವಲ್ಪ ದೂರ ಸರಿಯಬೇಕು. “ಅನಾಗೆ ಮೀನು ಇಷ್ಟ” ಅನ್ನುವಾಗ ನಾವು ‘ಗೆ’ ಒಂದೇ ಸಲ ಹೇಳುತ್ತೇವೆ. ಸ್ಪ್ಯಾನಿಷಿನಲ್ಲಿ ಎರಡು ಸಲ ಬರುತ್ತದೆ.

ಆ ಆನಾ ಲೆ ಗುಸ್ತಾ ಎಲ್ ಪೆಸ್ಕಾದೊ.

ಮೊದಲು ಬಂದ ‘ಆ’ ನಮ್ಮ ‘ಗೆ’. ಆಮೇಲೆ ಮತ್ತೆ ‘ಲೆ’. ಅಂದರೆ “ಅನಾಗೆ, ಅವಳಿಗೆ, ಇಷ್ಟವಾಗುತ್ತದೆ ಮೀನು.” ‘ಲೆ’ ಬಿಟ್ಟರೆ ವಾಕ್ಯ ಕುಂಟುತ್ತದೆ. ‘ಆ’ ಬಿಟ್ಟರೂ ತಪ್ಪು. ಬಿಡಬಹುದಾದದ್ದು ‘ಆ ಆನಾ’ ಅನ್ನುವ ಪೂರ್ತಿ ತುಂಡು ಮಾತ್ರ, ಅದೂ ಯಾರ ಮಾತು ಅಂತ ಮೊದಲೇ ಗೊತ್ತಿದ್ದರೆ.

‘ಆ’ ಮತ್ತು ‘ಎಲ್’ ಪಕ್ಕಪಕ್ಕ ಬಂದರೆ ಕೂಡಿ ‘ಆಲ್’ ಆಗುತ್ತವೆ: ‘ಆಲ್ ಪ್ರೊಫೆಸೋರ್ ಲೆ ಗುಸ್ತಾ ಎಲ್ ತೆ’ (ಮೇಷ್ಟ್ರಿಗೆ ಟೀ ಇಷ್ಟ). ‘ಜನ’ ಅನ್ನುವುದಕ್ಕೆ ಇರುವ ‘ಲಾ ಹೆಂತೆ’ ಸ್ಪ್ಯಾನಿಷಿನಲ್ಲಿ ಏಕವಚನ. ಆದ್ದರಿಂದ “ಜನರಿಗೆ ಇಷ್ಟ” ಅನ್ನಲು ‘ಆ ಲಾ ಹೆಂತೆ ಲೆ ಗುಸ್ತಾ’. ಇದನ್ನು ತುಂಬಾ ಜನ ತಪ್ಪುತ್ತಾರೆ.

‘ಲೆ’ ಅಂದರೆ ಅವನಿಗೋ, ಅವಳಿಗೋ, ನಿಮಗೋ ಗೊತ್ತಾಗುವುದಿಲ್ಲ. ಬಿಡಿಸಿ ಹೇಳಬೇಕಾದರೆ ‘ಆ ಎಲ್’ (ಅವನಿಗೆ; ‘ಅವನು’ ಅನ್ನುವ ಈ ‘ಎಲ್’ ಬೇರೆ ಪದ, ‘ಆ’ ಜೊತೆ ಕೂಡಿ ‘ಆಲ್’ ಆಗುವುದಿಲ್ಲ), ‘ಆ ಎಯಾ’ (ಅವಳಿಗೆ), ‘ಆ ಉಸ್ತೆದ್’ (ನಿಮಗೆ) ಅಂತ ಮುಂದೆ ಸೇರಿಸುತ್ತಾರೆ. ನನಗೆ, ನಿನಗೆ ಅನ್ನುವಲ್ಲಿ ಗೊಂದಲ ಇಲ್ಲ. ಆದರೂ ಒತ್ತಿ ಹೇಳಲು ‘ಆ ಮೀ’, ‘ಆ ತೀ’ ಬರುತ್ತವೆ. ‘ಆ ಮೀ ಮೆ ಗುಸ್ತಾ ಎಲ್ ತೆ’ ಅಂದರೆ “ನನಗಂತೂ ಟೀ ಇಷ್ಟ”. ನಮ್ಮ ‘ಅಂತೂ’ ಕೊಡುವ ಒತ್ತನ್ನು ಅವರು ಹೀಗೆ ಕೊಡುತ್ತಾರೆ. ಸ್ಪ್ಯಾನಿಷ್ ಲಿಪಿಯಲ್ಲಿ ಬರೆಯುವಾಗ ಈ ‘ಮೀ’ ಮೇಲೆ ಓರೆಗೆರೆ ಹಾಕಬೇಕು. ಹಾಕದಿದ್ದರೆ ಅದು ‘ನನ್ನ’ ಆಗುತ್ತದೆ. ‘ತೀ’ ಮೇಲೆ ಗೆರೆ ಬೇಡ. ಅರ್ಜೆಂಟೀನಾದವರು ‘ಆ ತೀ’ ಬದಲು ‘ಆ ವೋಸ್’ ಅನ್ನುತ್ತಾರೆ. ‘ತೆ’ ಮಾತ್ರ ಅಲ್ಲೂ ‘ತೆ’ಯೇ: ‘ಆ ವೋಸ್ ತೆ ಗುಸ್ತಾ’.

ಹಂತ 6: ಇಷ್ಟ ಇಲ್ಲ, ತುಂಬಾ ಇಷ್ಟ, ನನಗೂ ಇಷ್ಟ

‘ಇಲ್ಲ’ ನಮ್ಮಲ್ಲಿ ಕೊನೆಗೆ. ಅವರಲ್ಲಿ ‘ನೋ’ ಮೊದಲಿಗೇ, ‘ಮೆ’ಗಿಂತ ಮುಂಚೆ: ‘ನೋ ಮೆ ಗುಸ್ತಾ’. ಹೆಸರಿದ್ದರೆ ಹೆಸರಿನ ಆಮೇಲೆ: ‘ಆ ಆನಾ ನೋ ಲೆ ಗುಸ್ತಾ’. ಒಂಚೂರೂ ಇಷ್ಟ ಇಲ್ಲ ಅನ್ನಲು ಕೊನೆಗೆ ‘ನಾದಾ’ ಸೇರಿಸಿ: ‘ನೋ ಮೆ ಗುಸ್ತಾ ನಾದಾ’.

ತುಂಬಾ ಇಷ್ಟ ಅನ್ನಲು ‘ಮೆ ಗುಸ್ತಾ ಮೂಚೊ’. ‘ತುಂಬಾ’ ಅನ್ನುವುದಕ್ಕಿರುವ ಇನ್ನೊಂದು ಪದ ‘ಮುಯ್’ ಇಲ್ಲಿ ಬರುವುದಿಲ್ಲ. ‘ಮೂಚೊ’ ಬದಲಾಗುವುದೂ ಇಲ್ಲ: ‘ಮೆ ಗುಸ್ತಾನ್ ಮೂಚೊ ಲಾಸ್ ಫ್ಲೋರೆಸ್’.

ಏನು ಅಂತ ಮೊದಲೇ ಹೇಳಿ ಆಗಿದ್ದರೆ ‘ಮೆ ಗುಸ್ತಾ’ ಅಂತಷ್ಟೇ ಹೇಳಿ ನಿಲ್ಲಿಸಿ. “ಅದು ಇಷ್ಟ” ಅನ್ನಲು ‘ಲೊ’ ಸೇರಿಸಿ ‘ಮೆ ಲೊ ಗುಸ್ತಾ’ ಅನ್ನುವುದು ದೊಡ್ಡ ತಪ್ಪು. “ನನಗೆ ಇಷ್ಟ” ಅಂತ ನಾವೂ ಅಷ್ಟಕ್ಕೇ ಬಿಡುತ್ತೇವಲ್ಲ. ಸ್ಪ್ಯಾನಿಷ್ ಫೇಸ್‌ಬುಕ್‌ನಲ್ಲಿ ಹೆಬ್ಬೆರಳಿನ ಬಟನ್ ಮೇಲೆ ಇರುವುದೂ ಬರೀ ‘ಮೆ ಗುಸ್ತಾ’.

“ನನಗೂ” ಅನ್ನುವುದರಲ್ಲಿ ‘ಗೆ’ ಅಡಗಿದೆ ಅನ್ನುವುದು ನೆನಪಿರಲಿ. ಅದಕ್ಕೆ ‘ಯೊ ತಂಬಿಯೆನ್’ (ನಾನೂ) ಅನ್ನಬಾರದು, ‘ಆ ಮೀ ತಂಬಿಯೆನ್’ (ನನಗೂ) ಅನ್ನಬೇಕು. ಇಬ್ಬರ ಮಾತು ಕೇಳಿ. ಗಸ್ಪಾಚೊ ಅಂದರೆ ಸ್ಪೇನಿನ ದಕ್ಷಿಣದ ಆಂದಲೂಸಿಯಾ ಪ್ರಾಂತದಲ್ಲಿ ಬೇಸಿಗೆಯಲ್ಲಿ ಮಾಡುವ ಟೊಮೆಟೊ ತಣ್ಣನೆ ಸೂಪು.

“ತೆ ಗುಸ್ತಾ ಎಲ್ ಗಸ್ಪಾಚೊ?” (ನಿನಗೆ ಗಸ್ಪಾಚೊ ಇಷ್ಟಾನಾ?)
“ಸೀ, ಮೆ ಗುಸ್ತಾ ಮೂಚೊ. ಈ ಆ ತೀ?” (ಹೂಂ, ತುಂಬಾ ಇಷ್ಟ. ನಿನಗೆ?)
“ಆ ಮೀ ನೋ. ನೋ ಮೆ ಗುಸ್ತಾನ್ ಲಾಸ್ ಸೋಪಾಸ್ ಫ್ರೀಯಾಸ್.” (ನನಗಿಲ್ಲ. ತಣ್ಣಗಿರುವ ಸೂಪು ನನಗೆ ಇಷ್ಟ ಇಲ್ಲ.)
“ಆ ಮಿ ಎರ್ಮಾನಾ ತಂಪೋಕೊ.” (ನನ್ನ ತಂಗಿಗೂ ಇಷ್ಟ ಇಲ್ಲ.)

ಇಲ್ಲದ ಮಾತಿಗೆ ‘ಹಾಗೇನೇ’ ಅನ್ನಲು ‘ತಂಪೋಕೊ’, ಇದೆ ಅನ್ನುವ ಮಾತಿಗೆ ‘ತಂಬಿಯೆನ್’. ಎದುರಿನವರು ಇಷ್ಟ ಇಲ್ಲ ಅಂದಾಗ ನಿಮಗೆ ಇಷ್ಟ ಇದ್ದರೆ ‘ಆ ಮೀ ಸೀ’. ಈ ನಾಲ್ಕು ಉತ್ತರ ಬಾಯಿಗೆ ಬಂದರೆ ಊಟದ ಮೇಜಿನ ಮಾತಿಗೆ ಧೈರ್ಯವಾಗಿ ಕೂರಬಹುದು.

ಹಂತ 7: ಮನುಷ್ಯರ ಬಗ್ಗೆ ಹೇಳುವಾಗ ಹುಷಾರು

“ನೀನು ನನಗೆ ಇಷ್ಟ” ಅನ್ನಲು ‘ಮೆ ಗುಸ್ತಾಸ್’. “ನಾನು ನಿನಗೆ ಇಷ್ಟಾನಾ?” ಅನ್ನಲು ‘ತೆ ಗುಸ್ತೊ?’. ಇಲ್ಲೂ ಕನ್ನಡದ್ದೇ ಲೆಕ್ಕ. ಕರ್ತೃ ‘ನೀನು’ ಆದರೆ ‘ಇಷ್ಟವಾಗುತ್ತೀಯ’, ಅದೇ ‘ಗುಸ್ತಾಸ್’. ಕರ್ತೃ ‘ನಾನು’ ಆದರೆ ‘ಇಷ್ಟವಾಗುತ್ತೇನೆ’, ಅದೇ ‘ಗುಸ್ತೊ’. ನಾವು ಆದರೆ ‘ಗುಸ್ತಾಮೊಸ್’.

ವ್ಯಾಕರಣ ಸುಲಭ. ಅರ್ಥದಲ್ಲಿ ಅಪಾಯ ಇದೆ. ಮನುಷ್ಯರ ಬಗ್ಗೆ ಗುಸ್ತಾರ್ ಬಳಸಿದರೆ ಸಾಮಾನ್ಯವಾಗಿ ಪ್ರೀತಿ, ಆಕರ್ಷಣೆಯ ಅರ್ಥವೇ ಬರುತ್ತದೆ. ಆಫೀಸಿನ ಸಹೋದ್ಯೋಗಿಯ ಬಗ್ಗೆ “ಒಳ್ಳೆಯವನು, ನನಗೆ ಹಿಡಿಸಿದ” ಅಂತ ಹೇಳಲು ಹೋಗಿ ‘ಮೆ ಗುಸ್ತಾ’ ಅಂದರೆ ಸುತ್ತಲಿನವರು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಅಲ್ಲಿಗೆ ‘ಮೆ ಕಾಯೆ ಬಿಯೆನ್’ ಬೇಕು. ಹಿಡಿಸದಿದ್ದರೆ ‘ಮೆ ಕಾಯೆ ಮಾಲ್’. ಆ ಕಟ್ಟೂ ಗುಸ್ತಾರ್‌ನದ್ದೇ: ‘ತುಸ್ ಅಮೀಗೊಸ್ ಮೆ ಕಾಯೆನ್ ಬಿಯೆನ್’ (ನಿನ್ನ ಸ್ನೇಹಿತರು ನನಗೆ ಹಿಡಿಸಿದರು). ಒಬ್ಬ ಗಾಯಕಿಯ ಹಾಡಿಕೆ ಇಷ್ಟ, ಒಬ್ಬ ಆಟಗಾರನ ಆಟ ಇಷ್ಟ ಅನ್ನುವ ಸಂದರ್ಭದಲ್ಲಿ ಮಾತ್ರ ಗುಸ್ತಾರ್ ಬಳಸಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ಹಂತ 8: ಆಗ, ಈಗ, ಮುಂದೆ

‘ಇಷ್ಟವಾಗು’ ಅನ್ನುವುದನ್ನು ಹಿಡಿದುಕೊಳ್ಳಿ ಅಂದಿದ್ದರ ಲಾಭ ಇಲ್ಲಿ ಜಾಸ್ತಿ. ಭೂತಕಾಲದಲ್ಲಿ ಸ್ಪ್ಯಾನಿಷಿಗೆ ಎರಡು ದಾರಿ. ಕಲಿಯುವವರು ಈ ಎರಡರ ನಡುವೆ ತಿಂಗಳುಗಟ್ಟಲೆ ಒದ್ದಾಡುತ್ತಾರೆ. ಗುಸ್ತಾರ್ ಮಟ್ಟಿಗೆ ಕನ್ನಡವೇ ದಾರಿ ತೋರಿಸುತ್ತದೆ.

ಇಷ್ಟವಾಯಿತು: ಗುಸ್ತೋ
ಇಷ್ಟವಾದವು: ಗುಸ್ತಾರೊನ್
ಇಷ್ಟವಾಗುತ್ತಿತ್ತು: ಗುಸ್ತಾಬಾ
ಇಷ್ಟವಾಗುತ್ತಿದ್ದವು: ಗುಸ್ತಾಬಾನ್

ಒಂದು ಸಿನಿಮಾ ನೋಡಿ ಹೊರಗೆ ಬಂದಿರಿ, ಹಿಡಿಸಿತು: ‘ಮೆ ಗುಸ್ತೋ ಲಾ ಪೆಲೀಕುಲಾ’. ಸ್ಪೇನ್‌ನ ಹೆಚ್ಚಿನ ಭಾಗದಲ್ಲಿ ಈಗತಾನೇ ನೋಡಿದ್ದಾದರೆ ‘ಮೆ ಆ ಗುಸ್ತಾದೊ’ ಅನ್ನುತ್ತಾರೆ. ಚಿಕ್ಕವನಿದ್ದಾಗ ಮಾವಿನಹಣ್ಣು ಇಷ್ಟವಾಗುತ್ತಿತ್ತು: ‘ದೆ ನೀನ್ಯೊ ಮೆ ಗುಸ್ತಾಬಾನ್ ಲೋಸ್ ಮಾಂಗೊಸ್’. ಒಂದು ಸಲ ಅನುಭವಿಸಿ ಕೊಟ್ಟ ತೀರ್ಪು ಮೊದಲನೆಯದು. ಆಗಿನ ಕಾಲದಲ್ಲಿ ಇದ್ದ ರುಚಿ ಎರಡನೆಯದು.

‘ಗುಸ್ತೊ’ ಮತ್ತು ‘ಗುಸ್ತೋ’ ನಡುವಿನ ವ್ಯತ್ಯಾಸ ಒತ್ತಿನದ್ದು. ಭೂತಕಾಲದ್ದಕ್ಕೆ ಒತ್ತು ಕೊನೆಗೆ, ಬರವಣಿಗೆಯಲ್ಲಿ ಅಲ್ಲೊಂದು ಓರೆಗೆರೆ. ಗೆರೆ ಬಿಟ್ಟರೆ “ಇಷ್ಟವಾಯಿತು” ಹೋಗಿ “ಇಷ್ಟವಾಗುತ್ತೇನೆ” ಆಗುತ್ತದೆ.

ಮುಂದಿನದಕ್ಕೆ ‘ತೆ ವಾ ಆ ಗುಸ್ತಾರ್’ ಸಾಕು. “ನಿನಗೆ ಇಷ್ಟವಾಗುತ್ತೆ ನೋಡು” ಅಂತ ಯಾರಿಗಾದರೂ ಹೊಸ ತಿಂಡಿ ಕೊಡುವಾಗ ಹೇಳುವ ಮಾತು ಇದು.

ಇನ್ನೊಂದು ರೂಪ ‘ಗುಸ್ತರೀಯಾ’. “ನನಗೆ ಪ್ರವಾಸ ಹೋಗುವುದು ಇಷ್ಟ” ಮತ್ತು “ನನಗೆ ಪೆರುಗೆ ಹೋಗೋಕೆ ಇಷ್ಟ” ಎರಡೂ ಒಂದೇ ಅಲ್ಲ, ಅಲ್ವಾ? ಮೊದಲನೆಯದು ಅಭ್ಯಾಸ, ಎರಡನೆಯದು ಆಸೆ. ನಾವು ಆ ವ್ಯತ್ಯಾಸವನ್ನು ‘ಹೋಗುವುದು’, ‘ಹೋಗೋಕೆ’ ಅನ್ನುವುದರಲ್ಲಿ ತೋರಿಸುತ್ತೇವೆ. ಅವರು ಗುಸ್ತಾರ್ ರೂಪದಲ್ಲಿ ತೋರಿಸುತ್ತಾರೆ: ‘ಮೆ ಗುಸ್ತಾ ವಿಯಹಾರ್’ (ಪ್ರವಾಸ ಹೋಗುವುದು ಇಷ್ಟ), ‘ಮೆ ಗುಸ್ತರೀಯಾ ವಿಯಹಾರ್ ಆ ಪೆರೂ’ (ಪೆರುಗೆ ಹೋಗೋಕೆ ಇಷ್ಟ). ನಯವಾಗಿ ಏನಾದರೂ ಕೇಳಲೂ ಇದೇ ಬರುತ್ತದೆ.

ಹಂತ 9: ಬೇರೆಯವರು ಮಾಡುವುದು ನನಗೆ ಇಷ್ಟ

ಇದು ಸ್ವಲ್ಪ ಮುಂದಿನ ಪಾಠ. ಹೊಸಬರು ಬಿಟ್ಟು ಮುಂದಕ್ಕೆ ಹೋಗಬಹುದು. ಇಷ್ಟಪಡುವವರೂ ಕೆಲಸ ಮಾಡುವವರೂ ಒಬ್ಬರೇ ಆದರೆ ಮೂಲರೂಪ ಸಾಕು: ‘ಮೆ ಗುಸ್ತಾ ಕೊಂತಾರ್ ಇಸ್ತೋರಿಯಾಸ್’ (ನನಗೆ ಕಥೆ ಹೇಳುವುದು ಇಷ್ಟ). ಈಗ ಕಥೆ ಹೇಳುವವರು ಅಜ್ಜಿ ಅಂದುಕೊಳ್ಳಿ. “ಅಜ್ಜಿ ಕಥೆ ಹೇಳುವುದು ನನಗೆ ಇಷ್ಟ.” ಇಬ್ಬರು ಬಂದ ಕೂಡಲೇ ‘ಕೆ’ ಬರುತ್ತದೆ, ಅದರ ಹಿಂದೆ ಕ್ರಿಯಾಪದದ ರೂಪವೂ ಬದಲಾಗುತ್ತದೆ: ‘ಮೆ ಗುಸ್ತಾ ಕೆ ಮಿ ಅಬುವೆಲಾ ಕ್ವೆಂತೆ ಇಸ್ತೋರಿಯಾಸ್’. ಸಾದಾ ‘ಕ್ವೆಂತಾ’ ಇಲ್ಲಿ ನಿಲ್ಲುವುದಿಲ್ಲ. ಈ ‘ಕ್ವೆಂತೆ’ ರೂಪವನ್ನು ಸುಬ್ಹುಂತೀವೊ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಜೋಡಿ ಇಲ್ಲ, ಬೇರೆಯಾಗಿ ಕೂತು ಕಲಿಯಲೇಬೇಕು.

ಹಂತ 10: ಇದೇ ಕಟ್ಟಿನ ಬೇರೆ ಕ್ರಿಯಾಪದಗಳು, ಮತ್ತು ‘ಗೆ’ ಮೋಸ ಮಾಡುವ ಜಾಗಗಳು

ನನ್ನ ಲೆಕ್ಕದಲ್ಲಿ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಗುಸ್ತಾರ್ ಒಂದೇ ಅಲ್ಲ, ಅದರ ಹಿಂದೆ ಒಂದು ದೊಡ್ಡ ಗುಂಪೇ ಇದೆ.

ಮೆ ಎಂಕಾಂತಾ: ನನಗೆ ಪ್ರಾಣ, ತುಂಬಾನೇ ಇಷ್ಟ. ಇದರಲ್ಲೇ ‘ತುಂಬಾ’ ಇರುವುದರಿಂದ ‘ಮೂಚೊ’ ಸೇರಿಸಬೇಡಿ.
ಮೆ ಇಂತೆರೇಸಾ: ನನಗೆ ಆಸಕ್ತಿ ಇದೆ.
ಮೆ ಪರೇಸೆ ಕೆ...: ನನಗೆ ಅನ್ನಿಸುತ್ತದೆ...
ಮೆ ದುವೆಲೆ ಲಾ ಕಬೇಸಾ: ನನಗೆ ತಲೆ ನೋಯುತ್ತಿದೆ. ಪಾದಗಳು ನೋಯುತ್ತಿದ್ದರೆ ‘ಮೆ ದುವೆಲೆನ್ ಲೋಸ್ ಪಿಯೆಸ್’.
ಮೆ ಫಾಲ್ತಾನ್ ದಿಯೆಸ್ ಏವ್ರೊಸ್: ನನಗೆ 10 ಯೂರೊ ಕಡಿಮೆ ಬಿದ್ದಿದೆ.
ತೆ ಕೇದಾ ಬಿಯೆನ್: (ಈ ಬಟ್ಟೆ) ನಿನಗೆ ಚೆನ್ನಾಗಿ ಒಪ್ಪುತ್ತದೆ.
ಮೆ ದಾನ್ ಮಿಯೇದೊ ಲಾಸ್ ಸೆರ್ಪಿಯೆಂತೆಸ್: ನನಗೆ ಹಾವು ಅಂದರೆ ಭಯ.
ತೆ ಅಪೆತೇಸೆ ಉನ್ ಕಫೆ?: ನಿನಗೆ ಕಾಫಿ ಕುಡಿಯೋಣ ಅನ್ನಿಸುತ್ತಿದೆಯಾ? ಇದು ಸ್ಪೇನಿನವರ ಮಾತು. ಮೆಕ್ಸಿಕೊದಲ್ಲಿ ‘ಸೆ ತೆ ಅಂತೋಹಾ’ ಅನ್ನುತ್ತಾರೆ.

ನೋಡಿ, ಅನ್ನಿಸುವುದು, ನೋಯುವುದು, ಒಪ್ಪುವುದು, ಭಯ, ಎಲ್ಲಕ್ಕೂ ನಮ್ಮಲ್ಲಿ ‘ಗೆ’ಯೇ. ಮನಸ್ಸಿಗೂ ಮೈಗೂ ತಾನಾಗಿ ಆಗುವ ಅನುಭವಗಳನ್ನು “ನನಗೆ ಆಯಿತು” ಅಂತ ಹೇಳುವ ಅಭ್ಯಾಸ ಕನ್ನಡದಲ್ಲಿ ಬೇರೂರಿದೆ. ಇಷ್ಟು ದೂರ ಬಂದ ಮೇಲೆ, ಕನ್ನಡದ ಎಲ್ಲ ‘ನನಗೆ’ಯನ್ನೂ ‘ಮೆ’ ಮಾಡಿಬಿಡಬಹುದು ಅಂತ ಧೈರ್ಯ ಬರುತ್ತದೆ. ಅಲ್ಲಿ ನಿಲ್ಲಿ. ‘ಗೆ’ಯ ಹರವು ಕನ್ನಡದಲ್ಲಿ ಸ್ಪ್ಯಾನಿಷಿಗಿಂತ ಜಾಸ್ತಿ.

ಹಸಿವು, ಬಾಯಾರಿಕೆ, ಚಳಿ, ಸೆಕೆ, ನಿದ್ದೆ, ಜ್ವರ, ಅವಸರ, ಇವೆಲ್ಲ ನಮಗೆ ‘ಆಗುತ್ತವೆ’ ಇಲ್ಲವೇ ‘ಬರುತ್ತವೆ’. ಸ್ಪ್ಯಾನಿಷಿನವರು ಅವನ್ನು ಇಟ್ಟುಕೊಂಡಿರುತ್ತಾರೆ. ಕ್ರಿಯಾಪದ ‘ತೆನೇರ್’, ಕರ್ತೃ ‘ನಾನು’. ನನಗೆ ಹಸಿವಾಗಿದೆ: ‘ತೆಂಗೊ ಆಂಬ್ರೆ’. ನನಗೆ ಚಳಿ: ‘ತೆಂಗೊ ಫ್ರೀಯೊ’. ನನಗೆ ಜ್ವರ ಇದೆ: ‘ತೆಂಗೊ ಫಿಯೇಬ್ರೆ’. ವಯಸ್ಸೂ ಹಾಗೇ. ನನಗೆ 30 ವರ್ಷ: ‘ತೆಂಗೊ ತ್ರೇಂತಾ ಆನ್ಯೊಸ್’. ಮಕ್ಕಳೂ ಹಾಗೇ. ನನಗೆ ಇಬ್ಬರು ಮಕ್ಕಳು: ‘ತೆಂಗೊ ದೋಸ್ ಈಹೊಸ್’. ‘ತೆಂಗೊ’ ಜೊತೆ ‘ಮೆ’ ಸೇರಿಸಬೇಡಿ.

ತಿಳಿವಳಿಕೆಯ ಮಾತುಗಳೂ ಹೀಗೇ ಕೈಕೊಡುತ್ತವೆ. ನನಗೆ ಗೊತ್ತು: ‘ಲೊ ಸೆ’. ಅವಳು ನನಗೆ ಗೊತ್ತು: ‘ಲಾ ಕೊನೋಸ್ಕೊ’. ನನಗೆ ಅರ್ಥವಾಗುತ್ತದೆ: ‘ಎಂತಿಯೆಂದೊ’. ನನಗೆ ಸ್ಪ್ಯಾನಿಷ್ ಬರುತ್ತದೆ: ‘ಆಬ್ಲೊ ಎಸ್ಪಾನ್ಯೋಲ್’. ನನಗೆ ಬೇಕು: ‘ಕಿಯೇರೊ’. ಎಲ್ಲದರಲ್ಲೂ ಕರ್ತೃ ‘ನಾನು’, ಕ್ರಿಯಾಪದದ ಬಾಲದಲ್ಲೇ ಅದು ಇದೆ. ‘ಬೇಕು’ ವಿಷಯದಲ್ಲಿ ಕನ್ನಡಿಗರು ಜಾಸ್ತಿ ತಪ್ಪುತ್ತಾರೆ. ಹೋಟೆಲಿನಲ್ಲಿ ‘ಮೆ ಕಿಯೇರೊ ಉನ್ ಕಫೆ’ ಅನ್ನಬೇಡಿ. ‘ಕಿಯೇರೊ ಉನ್ ಕಫೆ’ ಸಾಕು. ‘ಕಿಸಿಯೇರಾ ಉನ್ ಕಫೆ’ ಅಂದರೆ ಇನ್ನೂ ನಯ.

ಕೊನೆಯದು, ವೇಷ ಹಾಕಿಕೊಂಡು ಬರುವ ಒಂದು. ನನಗೆ ನೆನಪಿದೆ: ‘ಮೆ ಅಕ್ವೇರ್ದೊ’. ‘ಮೆ’ ಇದೆ, ಅರ್ಥವೂ ‘ನನಗೆ’. ಆದರೂ ಇದು ಗುಸ್ತಾರ್ ಗುಂಪಿನದ್ದಲ್ಲ. ನಿನಗೆ ನೆನಪಿದೆ ಅನ್ನುವಾಗ ‘ತೆ ಅಕ್ವೇರ್ದಾಸ್’, ಅವಳಿಗೆ ನೆನಪಿದೆ ಅನ್ನುವಾಗ ‘ಸೆ ಅಕ್ವೇರ್ದಾ’. ಇಲ್ಲಿ ನೆನಪಿಟ್ಟುಕೊಂಡವರೇ ಕರ್ತೃ. ಗುರುತು ಹಿಡಿಯಲು ಒಂದು ಉಪಾಯ ಇದೆ. ‘ಅವಳಿಗೆ’ ಅಂತ ಹಾಕಿ ನೋಡಿ. ‘ಲೆ’ ಬಂದರೆ ಗುಸ್ತಾರ್ ಗುಂಪು, ‘ಸೆ’ ಬಂದರೆ ಬೇರೆ.

ಹಂತ 11: ಮರ್ಯಾದೆಯ ಮಾತಿನಲ್ಲಿ ಗುಸ್ತೊ

ಗುಸ್ತಾರ್ ಹುಟ್ಟಿದ್ದು ಲ್ಯಾಟಿನ್ ಭಾಷೆಯ ‘ಗುಸ್ತಾರೆ’ ಪದದಿಂದ. ಅದರ ಅರ್ಥ ರುಚಿ ನೋಡುವುದು. ‘ಗುಸ್ತೊ’ ಅನ್ನುವ ನಾಮಪದಕ್ಕೆ ಇಂದಿಗೂ ನಾಲಿಗೆಯ ರುಚಿ, ಅಭಿರುಚಿ, ಸಂತೋಷ ಎಲ್ಲ ಅರ್ಥಗಳೂ ಇವೆ. ಹೊಸಬರ ಪರಿಚಯವಾದಾಗ ‘ಮೂಚೊ ಗುಸ್ತೊ’ ಅನ್ನುತ್ತಾರೆ. ಕೊಲಂಬಿಯಾ, ಕೋಸ್ಟರಿಕಾ ಕಡೆ ಥ್ಯಾಂಕ್ಸ್ ಹೇಳಿದರೆ ‘ಕೊನ್ ಮೂಚೊ ಗುಸ್ತೊ’ ಅಂತ ಉತ್ತರ ಬರುತ್ತದೆ. ಊಟ ಮಾಡುತ್ತಿದ್ದವರು ನಿಮ್ಮ ಕಡೆ ನೋಡಿ ‘ಗುಸ್ತಾ?’ ಅಂದರೆ “ನಿಮಗೆ ಇಷ್ಟಾನಾ?” ಅಂತ ಅಲ್ಲ, “ಬನ್ನಿ, ತಗೊಳ್ತೀರಾ?” ಅಂತ ಅರ್ಥ. ಇಲ್ಲಿ ‘ಲೆ’ ಇಲ್ಲದಿರುವುದೇ ಗುರುತು. ಅರ್ಜೆಂಟೀನಾದ ಹುಡುಗ ಹುಡುಗಿಯರ ಬಾಯಲ್ಲಿ ‘ಗುಸ್ತೊ ದೆ ವೋಸ್’ ಅಂತ ಕೇಳಿದರೆ ಗಾಬರಿ ಬೇಡ. ಅದೂ “ನೀನಂದ್ರೆ ನನಗೆ ಇಷ್ಟ” ಅಂತಲೇ. ಇವನ್ನೆಲ್ಲ ಕೇಳಿದಾಗ ಗುರುತಿಸಿದರೆ ಸಾಕು, ಹೊಸಬರು ಬಳಸಲು ಹೋಗಬೇಕಿಲ್ಲ.

ಹಂತ 12: ಈಗ ನೀವೇ ಹೇಳಿ

ದಿನಾ ಹತ್ತು ನಿಮಿಷ ಸಾಕು. ಕಣ್ಣಿಗೆ ಬಿದ್ದ ವಸ್ತುವಿನ ಬಗ್ಗೆ ಮೊದಲು ಕನ್ನಡದಲ್ಲಿ ‘ಇಷ್ಟವಾಗು’ ಹಾಕಿ ಪೂರ್ತಿ ವಾಕ್ಯ ಮಾಡಿ. ಆಮೇಲೆ ಸ್ಪ್ಯಾನಿಷಿನಲ್ಲಿ ಜೋರಾಗಿ ಹೇಳಿ. ಬರೆಯುವುದಕ್ಕಿಂತ ಬಾಯಿಂದ ಹೇಳುವುದು ಮುಖ್ಯ, ‘ಮೆ ಗುಸ್ತಾನ್’ ಕಿವಿಗೆ ರೂಢಿಯಾಗಬೇಕು. ಶುರು ಮಾಡಲು ಇಲ್ಲಿ ಆರು ವಾಕ್ಯ ಇವೆ. ಉತ್ತರ ನೋಡುವ ಮೊದಲು ಪ್ರಯತ್ನಿಸಿ.

ಒಂದು: ನಮಗೆ ಈ ಊರು ಇಷ್ಟ.
ಎರಡು: ನನ್ನ ಅಮ್ಮನಿಗೆ ಹೂಗಳು ಇಷ್ಟ.
ಮೂರು: ನಿನಗೆ ಸಿನಿಮಾ ಇಷ್ಟವಾಯಿತಾ?
ನಾಲ್ಕು: ನನಗೆ ಓದುವುದು, ಬರೆಯುವುದು ಇಷ್ಟ.
ಐದು: ಯಾರಿಗೆ ಗಸ್ಪಾಚೊ ಇಷ್ಟ?
ಆರು: ನನಗೆ ಹಸಿವಾಗಿದೆ, ಆದರೆ ಮೀನು ಇಷ್ಟ ಇಲ್ಲ.

ಉತ್ತರಗಳು. ಒಂದು: ‘ನೋಸ್ ಗುಸ್ತಾ ಎಸ್ತಾ ಸ್ಯುದಾದ್’. ಎರಡು: ‘ಆ ಮಿ ಮಾದ್ರೆ ಲೆ ಗುಸ್ತಾನ್ ಲಾಸ್ ಫ್ಲೋರೆಸ್’. ಅಮ್ಮ ಒಬ್ಬರೇ, ಅದಕ್ಕೆ ‘ಲೆ’. ಹೂಗಳು ಹಲವು, ಅದಕ್ಕೆ ‘ಗುಸ್ತಾನ್’. ಮೂರು: ‘ತೆ ಗುಸ್ತೋ ಲಾ ಪೆಲೀಕುಲಾ?’. ನಾಲ್ಕು: ‘ಮೆ ಗುಸ್ತಾ ಲೆಎರ್ ಈ ಎಸ್ಕ್ರಿಬೀರ್’. ಐದು: ‘ಆ ಕಿಯೆನ್ ಲೆ ಗುಸ್ತಾ ಎಲ್ ಗಸ್ಪಾಚೊ?’. ‘ಯಾರಿಗೆ’ ಅನ್ನುವಾಗಲೂ ‘ಆ’ ಮತ್ತು ‘ಲೆ’ ಎರಡೂ ಬೇಕು. ಆರು: ‘ತೆಂಗೊ ಆಂಬ್ರೆ, ಪೆರೊ ನೋ ಮೆ ಗುಸ್ತಾ ಎಲ್ ಪೆಸ್ಕಾದೊ’. ಹಸಿವಿಗೆ ‘ತೆಂಗೊ’, ಮೀನಿಗೆ ‘ಮೆ’.